ಸಾಲ ತೀರಿಸಿ ಹಡಗು ಹತ್ತಿದವರು

ನಮ್ಮ ಊರುಗಳಲ್ಲಿ ಹಿಂದೆ ಯಾರಾದರೂ ಹಜ್ಜ್‌ಗೆ ಹೊರಟರೆಂದರೆ ಆ ಸುದ್ದಿ ಮನೆಯಿಂದ ಮನೆಗೆ ತಾನಾಗಿ ಹರಡುತ್ತಿತ್ತು. ಪ್ರಯಾಣಕ್ಕೆ ಕೆಲವು ವಾರಗಳಿರುವಾಗಲೇ ಮನೆಯ ಯಜಮಾನರು ಊರಿನವರನ್ನೆಲ್ಲ ಕಂಡು ಬರಲು ಹೊರಡುತ್ತಿದ್ದರು. ನೆಂಟರಿಷ್ಟರ ಮನೆಗೆ ಮಾತ್ರವಲ್ಲ, ಹಳೆಯ ಜಗಳದಿಂದ ಮಾತು ಬಿಟ್ಟವರ ಮನೆಗೂ ಹೋಗುತ್ತಿದ್ದರು. ಜಾತಿ ಧರ್ಮದ ಲೆಕ್ಕ ಅಲ್ಲಿರಲಿಲ್ಲ. “ಕೊಡುವುದು ಕೊಳ್ಳುವುದು ಏನಾದರೂ ಉಳಿದಿದ್ದರೆ ಹೇಳಿಬಿಡಿ, ತಿಳಿಯದೆ ನೋಯಿಸಿದ್ದರೆ ಮನ್ನಿಸಿಬಿಡಿ” ಎಂಬುದು ಆ ಭೇಟಿಯ ಸಾರ. ದಿನಸಿ ಅಂಗಡಿಯ ಬಾಕಿ, ಹೊಲದ ಆಳಿನ ಕೂಲಿ, ನೆರೆಯವರ ಕೈಸಾಲ, ಪತ್ನಿಗೆ ಕೊಡದೆ ಉಳಿಸಿಕೊಂಡ ಮಹ್ರ್ (ವಧುಧನ) ಇವೆಲ್ಲ ಚುಕ್ತಾ ಆದ ಬಳಿಕವೇ ಪೆಟ್ಟಿಗೆಗೆ ಬಟ್ಟೆ ತುಂಬುವ ಕೆಲಸ.

ಈ ಪದ್ಧತಿ ಇಂದೂ ಅಲ್ಲಲ್ಲಿ ಉಳಿದಿದೆ. ಆದರೆ ಅದರೊಳಗಿನ ಲೆಕ್ಕಾಚಾರ ಮಸುಕಾಗಿದೆ. ಕ್ಷಮೆ ಕೇಳುವುದು ಉಳಿದು, ಬಾಕಿ ತೀರಿಸುವುದು ಹಿಂದೆ ಬಿದ್ದಿದೆ. ಒಂದು ಕೈಯಲ್ಲಿ ಸಾಲದ ಕಂತು, ಇನ್ನೊಂದು ಕೈಯಲ್ಲಿ ಯಾತ್ರೆಯ ಉಳಿತಾಯ ಹಿಡಿದುಕೊಂಡು ನಡೆಯುವ ಕುಟುಂಬಗಳು ನಮ್ಮ ಸುತ್ತ ಸಾವಿರಾರಿವೆ. ಯಾವುದು ಮೊದಲು, ಎಷ್ಟು ಮೊದಲು ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ. ಈ ಪ್ರಶ್ನೆ ಹೊಸದಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ದೊರೆಗಳು, ಹಡಗು ಕಂಪೆನಿಗಳು, ಧರ್ಮ ಪಂಡಿತರು, ಅರ್ಥಶಾಸ್ತ್ರಜ್ಞರು ಎಲ್ಲರೂ ಇದನ್ನು ಎದುರಿಸಿದ್ದಾರೆ. ಅವರು ಕೊಟ್ಟ ಉತ್ತರಗಳ ಚರಿತ್ರೆಯನ್ನು ಒಮ್ಮೆ ತಿರುಗಿ ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಸಾಮರ್ಥ್ಯವೆಂದರೆ ಏನು?

ಇಸ್ಲಾಮಿನ ಐದು ಸ್ತಂಭಗಳಲ್ಲಿ ಹಜ್ಜ್‌ಗೆ ಮಾತ್ರ ‘ಸಾಮರ್ಥ್ಯವಿದ್ದವರಿಗೆ’ ಎಂಬ ಶರತ್ತನ್ನು ಕುರ್‌ಆನ್ ಸ್ಪಷ್ಟವಾಗಿ ಜೋಡಿಸಿದೆ. ಈ ಸಾಮರ್ಥ್ಯ ಎಂಬ ಮಾತನ್ನು ಧರ್ಮಶಾಸ್ತ್ರಜ್ಞರು ಬಹಳ ಲೌಕಿಕವಾಗಿ ಬಿಡಿಸಿದರು. ಹೋಗಿ ಬರುವ ಖರ್ಚು ಕೈಯಲ್ಲಿರಬೇಕು. ಮರಳುವ ತನಕ ಮನೆಯವರ ಊಟ, ಬಟ್ಟೆಗೆ ವ್ಯವಸ್ಥೆಯಾಗಿರಬೇಕು. ಇವೆಲ್ಲವೂ ಸಾಲವನ್ನು ಕಳೆದು ಉಳಿದ ಹಣದಿಂದ ಆಗಬೇಕು. ಸಾಲ ಕಳೆದರೆ ಏನೂ ಉಳಿಯದವನ ಮೇಲೆ ಹಜ್ಜ್ ಕಡ್ಡಾಯವೇ ಅಲ್ಲ. ದೀರ್ಘಕಾಲದ ಕಂತಿನ ಸಾಲವಿದ್ದು, ಈಗ ಸಲ್ಲಬೇಕಾದ ಕಂತುಗಳನ್ನು ಕಟ್ಟಿ, ಮುಂದಿನವುಗಳಿಗೆ ಖಚಿತ ಏರ್ಪಾಡು ಮಾಡಿದವನು ಹೋಗಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಅಂದರೆ ಇಲ್ಲಿನ ಪ್ರಶ್ನೆ ಸಾಲ ಇದೆಯೇ ಇಲ್ಲವೇ ಎಂಬುದಷ್ಟೇ ಅಲ್ಲ. ಸಾಲ ಕೊಟ್ಟವನ ಹಕ್ಕು ನಮ್ಮ ಪ್ರಯಾಣದಿಂದ ಕೆಡುತ್ತದೆಯೇ ಎಂಬುದು.

1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ ಪ್ರಸಿದ್ಧ ಗ್ರಂಥ ‘ಇಹ್ಯಾ ಉಲೂಮುದ್ದೀನ್’ನ ಹಜ್ಜ್ ಅಧ್ಯಾಯದಲ್ಲಿ ಯಾತ್ರಿಕನ ಮೊದಲ ಕೆಲಸಗಳನ್ನು ಪಟ್ಟಿ ಮಾಡಿದ್ದಾರೆ. ಪಶ್ಚಾತ್ತಾಪ ಪಡುವುದು, ಅನ್ಯಾಯವಾಗಿ ಪಡೆದುದನ್ನು ಮರಳಿಸುವುದು, ಸಾಲ ತೀರಿಸುವುದು, ತನ್ನಲ್ಲಿ ಇಟ್ಟ ಒತ್ತೆಗಳನ್ನು ಒಡೆಯರಿಗೆ ಒಪ್ಪಿಸುವುದು, ಅವಲಂಬಿತರ ಜೀವನಕ್ಕೆ ದಾರಿ ಮಾಡುವುದು. ದಾರಿಯ ಬುತ್ತಿಯ ಮಾತು ಬರುವುದು ಅನಂತರ. ಊರಿನ ಹಿರಿಯರು ಮನೆಮನೆಗೆ ಹೋಗಿ ಬಾಕಿ ವಿಚಾರಿಸುತ್ತಿದ್ದುದರ ಹಿಂದೆ ಇಂಥದೊಂದು ದೀರ್ಘ ಪರಂಪರೆ ಇದೆ.

ಸಾಲದ ವಿಷಯದಲ್ಲಿ ಈ ಪರಂಪರೆ ಎಷ್ಟು ಕಟ್ಟುನಿಟ್ಟೆಂದರೆ, ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝಾ ನಮಾಝ್‌ಗೆ ಪ್ರವಾದಿ ಮುಹಮ್ಮದ್(ಸ)ರು ತಾವು ನೇತೃತ್ವ ವಹಿಸಲು ಹಿಂಜರಿದರು. ಅಬೂ ಕತಾದಾ ಎಂಬ ಅನುಯಾಯಿ ಆ ಸಾಲ ತನ್ನ ಮೇಲಿರಲಿ ಎಂದು ಹೊತ್ತುಕೊಂಡ ಮೇಲೆಯೇ ನಮಾಝ್ ನಡೆಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಮೃತರ ಆಸ್ತಿ ಹಂಚುವಾಗಲೂ ವಾರಸುದಾರರ ಪಾಲಿಗಿಂತ ಮೊದಲು ಸಾಲ ತೀರಬೇಕು. ಆದರೆ ಅದೇ ಧರ್ಮ ಸಾಲಗಾರನನ್ನು ಅಪರಾಧಿಯಂತೆ ನೋಡಲಿಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಅವಧಿ ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂದಿತು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರನೂ ಇದ್ದಾನೆ, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಇದ್ದಾನೆ. ಸಾಲ ಮತ್ತು ಪ್ರಯಾಣ ಎರಡೂ ಮನುಷ್ಯನನ್ನು ಪರರ ಕೈಗೆ ಒಪ್ಪಿಸುವ ಸ್ಥಿತಿಗಳೆಂಬ ಅರಿವು ಇಲ್ಲಿದೆ. ಈ ಎರಡು ಸ್ಥಿತಿಗಳು ಒಬ್ಬನ ಮೇಲೆಯೇ ಬಂದೆರಗಿದರೆ ಏನಾಗುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನ ತೋರಿಸಿಕೊಟ್ಟಿತು.

ಹಬೆ ಹಡಗು ಬಂದಾಗ

ಹಾಯಿ ಹಡಗಿನ ಕಾಲದಲ್ಲಿ ಭಾರತದಿಂದ ಹಜ್ಜ್‌ಗೆ ಹೋಗುವುದು ಬಹುಮಟ್ಟಿಗೆ ಅರಸರು, ವರ್ತಕರು, ವಿದ್ವಾಂಸರು ಹಾಗೂ ಅವರ ಆಶ್ರಯ ಪಡೆದವರ ಪಾಲಾಗಿತ್ತು. ಹಬೆ ಹಡಗು ಬಂದ ಮೇಲೆ, ಅದರಲ್ಲೂ 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಕೆಂಪು ಸಮುದ್ರದಲ್ಲಿ ಹಡಗುಗಳ ಓಡಾಟ ಹೆಚ್ಚಿದ ಮೇಲೆ, ಚಿತ್ರ ಬದಲಾಯಿತು. ಪ್ರಯಾಣದ ದಿನಗಳು ಕಡಿಮೆಯಾದವು, ದರ ಇಳಿಯಿತು. ರೈತ, ನೇಕಾರ, ಕೂಲಿಯಾಳು ಕೂಡ ಮಕ್ಕಾದ ಕನಸು ಕಾಣುವಂತಾಯಿತು. ಮುಂಬಯಿ ಬಂದರು ಇಡೀ ಉಪಖಂಡದ ಯಾತ್ರಿಕರಿಗೆ ಹೆಬ್ಬಾಗಿಲಾಯಿತು. ನಮ್ಮ ಕರಾವಳಿಯವರಿಗೂ ಮೈಸೂರು, ಹೈದರಾಬಾದ್ ಸಂಸ್ಥಾನಗಳವರಿಗೂ ಮುಂಬಯಿಯೇ ದಾರಿ.

ಕನಸು ಅಗ್ಗವಾಯಿತು, ಆದರೆ ಅದಕ್ಕೆ ಬೇಕಾದ ಹಣ ಕೂಡಿಡುವ ದಾರಿ ಬಡವನಿಗೆ ತೆರೆಯಲಿಲ್ಲ. ಅನೇಕರು ಇದ್ದ ತುಂಡು ನೆಲ, ಎತ್ತು, ಒಡವೆ ಮಾರಿ ಹೋಗುವ ದಾರಿಯ ಟಿಕೆಟಿಗಷ್ಟೇ ಸಾಲುವ ಹಣದೊಂದಿಗೆ ಹೊರಟರು. ಮುಂಬಯಿಗೆ ಬಂದು, ಹಡಗಿಗಾಗಿ ಕಾಯುವುದರಲ್ಲಿಯೇ ಹಣ ಕರಗಿ, ಅಲ್ಲಿಂದಲೇ ಹಿಂತಿರುಗಿದವರೂ ಇದ್ದರು. ಅಂಥವರನ್ನು ‘ಬಂಬಯಿ ಹಾಜಿ’ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ತಮಾಷೆಯ ಹಿಂದೆ ಎಷ್ಟು ಮನೆಗಳ ಕಣ್ಣೀರಿತ್ತೋ! ದೂರದೂರುಗಳ ಯಾತ್ರಿಕರಿಗೆ ತಂಗಲು ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಂಥ ಧರ್ಮಛತ್ರಗಳು ಮುಂದೆ ತಲೆಯೆತ್ತಿದ್ದು ಈ ಅಗತ್ಯದಿಂದಲೇ.

ಸಮುದ್ರ ದಾಟಿದವರ ಕಥೆ ಇನ್ನೂ ಕಠಿಣ. ಹಜ್ಜ್ ಮುಗಿದ ಮೇಲೆ ಮರಳಲು ಹಣವಿಲ್ಲದ ಭಾರತೀಯರು ಜಿದ್ದಾದ ಬೀದಿಗಳಲ್ಲಿ ಉಳಿದುಬಿಡುತ್ತಿದ್ದರು. ವೈದ್ಯರಾಗಿದ್ದು, ಜಿದ್ದಾದಲ್ಲಿ ಬ್ರಿಟಿಷ್ ವೈಸ್ ಕಾನ್ಸಲ್ ಆಗಿ 1880ರ ದಶಕದಿಂದ ಕೆಲಸ ಮಾಡಿದ ಡಾ. ಅಬ್ದುರ್ರಝಾಕ್ ಎಂಬ ಭಾರತೀಯ ಅಧಿಕಾರಿ ವರ್ಷವರ್ಷವೂ ಯಾತ್ರಿಕರ ಸ್ಥಿತಿಗತಿಯ ವರದಿ ಬರೆಯುತ್ತಿದ್ದರು. ಆ ಕಾಲದ ಸರಕಾರಿ ಕಾಗದಪತ್ರಗಳು ಇಂಥ ನಿರ್ಗತಿಕರನ್ನು ಕರೆದದ್ದು ‘ತಿರುಕ ಯಾತ್ರಿಕರು’ ಎಂಬ ಅರ್ಥದ ಪದದಿಂದ. ಆ ಪದದಲ್ಲಿ ಕನಿಕರಕ್ಕಿಂತ ಕಿರಿಕಿರಿಯೇ ಹೆಚ್ಚು.

ಸಿಂಗಾಪುರದಲ್ಲಿ ಇದು ಬೇರೆಯೇ ರೂಪ ತಾಳಿತು. ಜಾವಾ ಮತ್ತು ಸುತ್ತಲಿನ ದ್ವೀಪಗಳ ಯಾತ್ರಿಕರು ಅಲ್ಲಿಂದ ಹಡಗು ಹತ್ತುತ್ತಿದ್ದರು. ಹಣ ಸಾಲದವರಿಗೆ ದಲ್ಲಾಳಿಗಳು, ವರ್ತಕರು ಮುಂಗಡ ಕೊಡುತ್ತಿದ್ದರು. ಮುಂಗಡ ಪಡೆದವನು ಅದನ್ನು ದುಡಿದು ತೀರಿಸುವ ಕರಾರಿಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಆ ಕಾಲದ ಸಿಂಗಾಪುರದ ದೊಡ್ಡ ಅರಬ್ ವರ್ತಕ ಮನೆತನವಾದ ಅಲ್‌ಸಗಾಫ್‌ರಿಗೆ ಯಾತ್ರಿಕರ ಹಡಗಿನ ವ್ಯವಹಾರವೂ ಇತ್ತು, ಜೊಹೋರ್‌ನ ಕುಕುಪ್ ಎಂಬಲ್ಲಿ ವಿಶಾಲ ತೋಟವೂ ಇತ್ತು. ಯಾತ್ರೆಯ ಸಾಲ ಹೊತ್ತ ಬಡ ಹಾಜಿಗಳು ಆ ತೋಟದಲ್ಲಿ ದುಡಿದು ಸಾಲ ತೀರಿಸುವ ಏರ್ಪಾಡು ನಡೆದಿತ್ತು. ದೇವರ ಮನೆಗೆ ಹೋಗಿ ಬಂದವನು ಊರಿಗೆ ಮರಳುವ ಬದಲು ತೋಟದ ಜೀತಕ್ಕೆ ಮರಳಿದ. ಸಾಲ ಕೊಟ್ಟವರೂ ಮುಸ್ಲಿಮರೇ ಆಗಿದ್ದರೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಚರಿತ್ರೆ ಓದುವುದು ಕನ್ನಡಿ ನೋಡಿಕೊಳ್ಳುವುದಕ್ಕೂ ಹೌದು.

ತಡೆಯುವ ಕಾನೂನು, ಟಿಕೆಟಿನ ಕಾನೂನು

ಸರಕಾರಗಳು ಇದಕ್ಕೆ ಏನು ಮಾಡಿದವು? ಇಂದಿನ ಇಂಡೋನೇಷ್ಯಾವನ್ನು ಆಳುತ್ತಿದ್ದ ಡಚ್ಚರು 1859ರಲ್ಲೇ ಒಂದು ಕಟ್ಟಳೆ ತಂದರು. ಹೋಗಿ ಬರುವ ಖರ್ಚು ತನ್ನಲ್ಲಿದೆ, ಹಿಂದೆ ಉಳಿಯುವ ಕುಟುಂಬಕ್ಕೂ ಆಸರೆ ಇದೆ ಎಂದು ಯಾತ್ರಿಕನು ಸ್ಥಳೀಯ ಅಧಿಕಾರಿಯ ಮುಂದೆ ರುಜುವಾತು ಮಾಡಬೇಕಾಗಿತ್ತು. ಮೇಲ್ನೋಟಕ್ಕೆ ಇದು ಗಝ್ಝಾಲಿಯವರ ಮಾತಿನಂತೆಯೇ ಕೇಳಿಸುತ್ತದೆ. ವ್ಯತ್ಯಾಸ ಉದ್ದೇಶದಲ್ಲಿತ್ತು. ಮಕ್ಕಾಕ್ಕೆ ಹೋಗಿ ಬಂದವರು ದಂಗೆಯ ವಿಚಾರಗಳನ್ನು ಹೊತ್ತು ತರುತ್ತಾರೆಂಬ ಭಯ ಡಚ್ ಆಡಳಿತಕ್ಕಿತ್ತು. ಸಾಮರ್ಥ್ಯದ ಪ್ರಮಾಣಪತ್ರ ಯಾತ್ರಿಕರ ಸಂಖ್ಯೆಯನ್ನು ಹಿಡಿತದಲ್ಲಿಡುವ ಸಾಧನವೂ ಆಯಿತು.

ಬ್ರಿಟಿಷರ ಸಂದಿಗ್ಧ ಬೇರೆ. 1865ರಲ್ಲಿ ಮಕ್ಕಾದಲ್ಲಿ ಕಾಲರಾ ಹಬ್ಬಿ ಸಾವಿರಾರು ಯಾತ್ರಿಕರು ಸತ್ತರು. ರೋಗ ಯುರೋಪಿಗೂ ತಲುಪಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನದ ಬೆರಳು ಭಾರತದತ್ತ ತೋರಿತು. ಬಡ ಯಾತ್ರಿಕರನ್ನು ತಡೆಯಿರಿ ಎಂಬ ಒತ್ತಡ ಹೆಚ್ಚಿತು. ಆದರೆ 1857ರ ನೆನಪು ಇನ್ನೂ ಹಸಿಯಾಗಿತ್ತು. ಧಾರ್ಮಿಕ ವಿಷಯಗಳಲ್ಲಿ ಕೈಹಾಕುವುದಿಲ್ಲವೆಂದು 1858ರಲ್ಲಿ ರಾಣಿಯ ಘೋಷಣೆಯಲ್ಲಿ ಮಾತು ಕೊಟ್ಟಿದ್ದ ಸರಕಾರಕ್ಕೆ ಹಣವಿಲ್ಲದವನು ಹಜ್ಜ್‌ಗೆ ಹೋಗಬಾರದೆಂದು ಕಾನೂನು ಮಾಡುವ ಧೈರ್ಯವಿರಲಿಲ್ಲ. 1886ರಲ್ಲಿ ಅದು ಥಾಮಸ್ ಕುಕ್ ಎಂಬ ಹೆಸರಾಂತ ಪ್ರವಾಸ ಕಂಪೆನಿಯನ್ನು ಯಾತ್ರಿಕರ ಏಜೆಂಟನ್ನಾಗಿ ನೇಮಿಸಿತು. ಟಿಕೆಟು, ರೈಲು, ಹಡಗು ಎಲ್ಲ ಒಂದೇ ಕೈಯಲ್ಲಿ ಸಿಕ್ಕರೆ ಮೋಸ ತಪ್ಪುತ್ತದೆಂಬ ಲೆಕ್ಕ. ನಷ್ಟದ ಬಾಬತ್ತಾದ ಈ ವ್ಯವಹಾರವನ್ನು 1890ರ ದಶಕದಲ್ಲಿ ಕಂಪೆನಿ ಕೈಬಿಟ್ಟಿತು.

ಕೊನೆಗೆ 1925ರಲ್ಲಿ ನೌಕಾಯಾನ ಕಾನೂನಿಗೆ ತಿದ್ದುಪಡಿ ತಂದು, ಯಾತ್ರಿಕನು ಹೋಗಿಬರುವ ಟಿಕೆಟನ್ನೇ ಕೊಳ್ಳಬೇಕು ಅಥವಾ ಮರಳುವ ಖರ್ಚನ್ನು ಮುಂಗಡ ಠೇವಣಿಯಾಗಿ ಇಡಬೇಕು ಎಂದು ವಿಧಿಸಲಾಯಿತು. ಜಿದ್ದಾದಲ್ಲಿ ಸಿಕ್ಕಿಬೀಳುವುದನ್ನು ತಪ್ಪಿಸಲು ಇದು ಉಪಯುಕ್ತ ಕ್ರಮವೇ. ಆದರೆ ಅದು ಬಂದರಿನ ಬಾಗಿಲಲ್ಲಿ ಕೇಳುವ ಪ್ರಶ್ನೆ. ಆ ಹಣವನ್ನು ಬಡವನು ಎಲ್ಲಿಂದ ತಂದ, ನೆಲ ಮಾರಿದನೇ, ಬಡ್ಡಿಗೆ ತಂದನೇ, ಮರಳಿ ಬಂದ ಮೇಲೆ ಏನು ಉಣ್ಣುತ್ತಾನೆ ಎಂದು ಕಾನೂನು ಕೇಳಲಿಲ್ಲ. ಟಿಕೆಟಿನ ಚಿಂತೆ ಸರಕಾರದ್ದಾಯಿತು, ಬದುಕಿನ ಚಿಂತೆ ಅವನದ್ದೇ ಆಗಿ ಉಳಿಯಿತು.

ಉಡುಪಿಯ ಎರಡಾಣೆ

ಬಡವನಿಗೆ ಕೂಡಿಡುವ ದಾರಿ ಬೇಕು ಎಂಬ ವಿಚಾರ ಈ ಕಾಲದಲ್ಲಿ ಬೆಳೆದ ಒಂದು ಜಾಗ ನಮ್ಮದೇ ಕರಾವಳಿ. ಉಡುಪಿಯ ವರ್ತಕ, ದಾನಿ ಹಾಜಿ ಅಬ್ದುಲ್ಲಾ ಸಾಹೇಬರು 1906ರ ಮಾರ್ಚ್ 12ರಂದು ಕೆಲವು ಮಿತ್ರರೊಂದಿಗೆ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’ ಸ್ಥಾಪಿಸಿದರು. ಜಾತಿ ಮತ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು ಅದರ ಘೋಷಿತ ಉದ್ದೇಶಗಳಲ್ಲೊಂದು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶವಿಡೀ ಹೆಸರಾದ ಈ ಸಂಸ್ಥೆ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಅದೇ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು 1925ರಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ‘ಪಿಗ್ಮಿ’ ಠೇವಣಿ ಆರಂಭಿಸಿತು. ಏಜೆಂಟ್ ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಬರೆದುಕೊಂಡು ಹೋಗುತ್ತಿದ್ದ. ದಿನಗೂಲಿಯವನ ಕೈಗೆ ಹಣ ಬರುವುದು ದಿನ ದಿನ. ಆದ್ದರಿಂದ ಅವನು ಉಳಿಸಬೇಕಾದದ್ದೂ ದಿನ ದಿನ ಎಂಬ ಸರಳ ತಿಳಿವಳಿಕೆ ಇದರ ಹಿಂದಿತ್ತು. ಎಷ್ಟೋ ಮನೆಗಳ ಮದುವೆ, ಮನೆ ರಿಪೇರಿ, ತೀರ್ಥಯಾತ್ರೆ ಪಿಗ್ಮಿ ಪುಸ್ತಕದಿಂದ ನಡೆದಿವೆ.

ಆದರೆ ಹಜ್ಜ್‌ಗಾಗಿ ಕೂಡಿಡುವ ಧರ್ಮಭೀರು ಮುಸ್ಲಿಮನಿಗೆ ಇಲ್ಲೊಂದು ತೊಡಕಿತ್ತು. ಬ್ಯಾಂಕಿನ ಹಣಕ್ಕೆ ಬಡ್ಡಿ ಸೇರುತ್ತದೆ, ಬಡ್ಡಿ ಸೇರಿದ ಹಣದಲ್ಲಿ ಹಜ್ಜ್ ಮಾಡುವುದು ಹೇಗೆ? ಹಾಗಾಗಿ ಅನೇಕರ ಹಜ್ಜ್ ಹಣ ತಗಡಿನ ಪೆಟ್ಟಿಗೆಯಲ್ಲೋ ನಂಬಿದ ಸಾಹುಕಾರನ ಗಲ್ಲಾದಲ್ಲೋ ಉಳಿಯಿತು. ಈ ತೊಡಕಿಗೆ ಉತ್ತರ ಬಂದದ್ದು ಸಮುದ್ರದಾಚೆಯ ಮಲಯದಿಂದ.

ಮಲಯದ ಪ್ರಯೋಗ

ಮಲಯದ ಹಳ್ಳಿಗರ ಸ್ಥಿತಿಯೂ ನಮ್ಮವರಂತೆಯೇ ಇತ್ತು. ಬಡ್ಡಿಯ ಭಯದಿಂದ ಬ್ಯಾಂಕಿಗೆ ಹೋಗದೆ ದಿಂಬಿನಡಿಯಲ್ಲಿ, ಮಡಕೆಗಳಲ್ಲಿ ಹಣ ಬಚ್ಚಿಡುತ್ತಿದ್ದರು. ಸಾಲದಿದ್ದಾಗ ಜಮೀನು, ದನಕರು ಮಾರಿ ಹೊರಡುತ್ತಿದ್ದರು. ಹಾಜಿ ಎಂಬ ಗೌರವದೊಂದಿಗೆ ಮರಳಿದವರು ಉಳಲು ನೆಲವಿಲ್ಲದೆ ಉಳಿದ ಬದುಕನ್ನು ಸಾಲದಲ್ಲೇ ಕಳೆಯುತ್ತಿದ್ದರು. ಮಲಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಉಂಕು ಅಝೀಝ್ ಹಳ್ಳಿಗಳ ಬಡತನವನ್ನು ಅಧ್ಯಯನ ಮಾಡುತ್ತಿದ್ದವರು. 1922ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಇವರು 1959ರಲ್ಲಿ ಹಜ್ಜ್‌ಗೆ ಹೋಗಬಯಸುವವರ ಆರ್ಥಿಕ ಸ್ಥಿತಿ ಸುಧಾರಿಸುವ ಬಗ್ಗೆ ಒಂದು ಟಿಪ್ಪಣಿಯನ್ನು ಸರಕಾರಕ್ಕೆ ಸಲ್ಲಿಸಿದರು. ಅವರು ನೋಡಿದ ರೀತಿಯೇ ಬೇರೆ. ಹಜ್ಜ್‌ನ ಹಂಬಲವನ್ನು ಬಡತನದ ಕಾರಣವೆಂದು ದೂರುವ ಬದಲು, ಬಡವನು ಹಲವು ವರ್ಷ ಶಿಸ್ತಿನಿಂದ ಉಳಿಸುವಂತೆ ಮಾಡಬಲ್ಲ ದೊಡ್ಡ ಶಕ್ತಿ ಅದು ಎಂದು ಗುರುತಿಸಿದರು. ಆ ಹಣಕ್ಕೆ ಬಡ್ಡಿಯಿಲ್ಲದ, ಸುರಕ್ಷಿತವಾದ, ಉತ್ಪಾದಕವಾದ ಜಾಗ ಬೇಕಿತ್ತು ಅಷ್ಟೇ.

ಅದರ ಫಲವಾಗಿ ಹಜ್ಜ್ ಉಳಿತಾಯ ನಿಗಮವೊಂದು ರೂಪುಗೊಂಡು 1963ರ ಸೆಪ್ಟೆಂಬರ್‌ನಲ್ಲಿ ಕೆಲಸ ಆರಂಭಿಸಿತು. ಆ ವರ್ಷ ಸೇರಿದ ಠೇವಣಿದಾರರು 1,281, ಹಣ ಸುಮಾರು 46,600 ಮಲಯ ಡಾಲರ್. 1969ರಲ್ಲಿ ಈ ನಿಗಮವೂ ಪೆನಾಂಗ್‌ನಲ್ಲಿ ಯಾತ್ರಿಕರ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸರಕಾರಿ ಕಚೇರಿಯೂ ಒಂದಾದವು. ಇಂದು ಇದರ ಹೆಸರು ‘ತಾಬುಂಗ್ ಹಾಜಿ’. ರೈತ, ಮೀನುಗಾರ, ಗುಮಾಸ್ತ ಯಾರೇ ಆಗಲಿ ಸಣ್ಣ ಸಣ್ಣ ಮೊತ್ತ ಕಟ್ಟುತ್ತಾರೆ. ಸಂಬಳದಿಂದ ನೇರ ಕಡಿತವೂ ಉಂಟು. ಸಂಸ್ಥೆ ಅದನ್ನು ತೋಟ, ಕಟ್ಟಡ, ಷೇರುಗಳಂಥ ಧರ್ಮಸಮ್ಮತ ವ್ಯವಹಾರಗಳಲ್ಲಿ ತೊಡಗಿಸಿ ಬಂದ ಲಾಭವನ್ನು ಹಂಚುತ್ತದೆ. ಠೇವಣಿಗೆ ಸರಕಾರದ ಖಾತರಿ ಇದೆ. ಹಣ ಸೇರಿದ ಮೇಲೆ ಯಾತ್ರೆಯ ವ್ಯವಸ್ಥೆಯನ್ನೂ ಅದೇ ನೋಡಿಕೊಳ್ಳುತ್ತದೆ. ಹೀಗೆ ಉಳಿಸುವವನು ಮರಳಿ ಬಂದಾಗ ಅವನ ಗದ್ದೆ ಅವನದ್ದಾಗಿಯೇ ಇರುತ್ತದೆ.

ಈ ಸಂಸ್ಥೆಯನ್ನು ಕೇವಲ ಹೊಗಳುವುದೂ ಸರಿಯಲ್ಲ. 2017ರ ಕೊನೆಗೆ ಅದರ ಹೊಣೆಗಳು ಆಸ್ತಿಗಿಂತ ಸುಮಾರು 410 ಕೋಟಿ ರಿಂಗಿಟ್‌ನಷ್ಟು ಹೆಚ್ಚಾಗಿದ್ದುದು ಲೆಕ್ಕ ತಪಾಸಣೆಯಲ್ಲಿ ಬಯಲಾಯಿತು. ಗಳಿಕೆಗೆ ಮೀರಿ ಲಾಭ ಹಂಚಿದ್ದು ಟೀಕೆಗೆ ಗುರಿಯಾಯಿತು. 2018ರ ಡಿಸೆಂಬರ್‌ನಲ್ಲಿ ಸರಕಾರ ಬೇರೊಂದು ಸಂಸ್ಥೆಯ ಮೂಲಕ ಸುಮಾರು 1,990 ಕೋಟಿ ರಿಂಗಿಟ್ ಮೌಲ್ಯದ ಆಸ್ತಿಗಳನ್ನು ವಹಿಸಿಕೊಂಡು ಅದನ್ನು ಎತ್ತಿ ನಿಲ್ಲಿಸಬೇಕಾಯಿತು. ಆ ವರ್ಷದ ಲಾಭಾಂಶ ಶೇ. 1.25ಕ್ಕೆ ಇಳಿಯಿತು. ಪವಿತ್ರ ಉದ್ದೇಶದ ಹಣಕ್ಕೂ ಕಣ್ಣಿಡುವ ಲೆಕ್ಕ ತಪಾಸಕ ಬೇಕು ಎಂಬುದು ಇದರ ಪಾಠ. ಠೇವಣಿದಾರರ ಹಣ ಮುಳುಗದೆ ಉಳಿದದ್ದು ಕಾನೂನಿನ ಖಾತರಿ ಇದ್ದುದರಿಂದ ಎಂಬುದನ್ನೂ ಮರೆಯಬಾರದು.

ಪಕ್ಕದ ಇಂಡೋನೇಷ್ಯಾದ ಅನುಭವ ಇನ್ನೊಂದು ಬಗೆಯದು. ಅಲ್ಲಿ ಹಜ್ಜ್‌ನ ಸರದಿ ಸಂಖ್ಯೆ ಪಡೆಯಲು ದೊಡ್ಡ ಮೊತ್ತದ ಮುಂಗಡ ಕಟ್ಟಬೇಕು. 2010ರ ದಶಕದಲ್ಲಿ ಅದು ಎರಡೂವರೆ ಕೋಟಿ ರೂಪಿಯಾ. ಬ್ಯಾಂಕುಗಳು ಈ ಮುಂಗಡಕ್ಕೇ ಸಾಲ ಕೊಡತೊಡಗಿದವು. ಪರಿಣಾಮವೇನು? ಹಣವಿಲ್ಲದವರೂ ಸಾಲದ ಬಲದಿಂದ ಸರದಿಗೆ ಬಂದು ನಿಂತರು, ಸರದಿ ವರ್ಷಗಟ್ಟಲೆ ಉದ್ದವಾಯಿತು, ನಿಜವಾಗಿ ಉಳಿಸಿದವರೂ ಕಾಯಬೇಕಾಯಿತು. ಸಾಮರ್ಥ್ಯದ ಶರತ್ತೇ ತಲೆಕೆಳಗಾಗುತ್ತಿದೆ ಎಂಬ ಟೀಕೆ ಎದ್ದು ಕೊನೆಗೆ ಸರಕಾರ ಈ ಸಾಲಗಳನ್ನು ನಿಲ್ಲಿಸಿತು. ನೂರು ವರ್ಷಗಳ ಹಿಂದೆ ಸಿಂಗಾಪುರದ ದಲ್ಲಾಳಿ ಮಾಡಿದ್ದನ್ನೇ ಹೊಸ ಕಾಲ ನಯವಾದ ಅರ್ಜಿ ನಮೂನೆಯೊಂದಿಗೆ ಮಾಡಿತ್ತು ಎನ್ನಬಹುದು.

ನಮ್ಮ ಲೆಕ್ಕ

ಭಾರತದಲ್ಲಿ 1959ರ ಕಾಯ್ದೆಯಂತೆ, ಅನಂತರ 2002ರ ಕಾಯ್ದೆಯಂತೆ ಹಜ್ಜ್ ಸಮಿತಿಗಳು ಕೆಲಸ ಮಾಡಿವೆ. ಮುಂಬಯಿಯಿಂದ ಜಿದ್ದಾಕ್ಕೆ ಹಡಗು ಪ್ರಯಾಣ 1995ರ ಹೊತ್ತಿಗೆ ನಿಂತಿತು. ವಿಮಾನದ ದರದಲ್ಲಿ ಕೊಡುತ್ತಿದ್ದ ಸರಕಾರಿ ರಿಯಾಯಿತಿಯನ್ನು ಹತ್ತು ವರ್ಷಗಳೊಳಗೆ ಹಂತಹಂತವಾಗಿ ಕೊನೆಗೊಳಿಸುವಂತೆ ಸುಪ್ರೀಂ ಕೋರ್ಟ್ 2012ರ ಮೇ ತಿಂಗಳಲ್ಲಿ ಆದೇಶಿಸಿತು. ಆ ತೀರ್ಪು ಕೂಡ ಸಾಮರ್ಥ್ಯದ ಕುರಿತ ಕುರ್‌ಆನ್ ವಚನವನ್ನು ನೆನಪಿಸಿತ್ತು. 2018ರ ಜನವರಿಯಲ್ಲಿ ರಿಯಾಯಿತಿ ಪೂರ್ತಿ ನಿಂತಿತು. ಇತರರ ಹಣದಲ್ಲಿ ಹಜ್ಜ್ ಬೇಡವೆಂದು ಅದಕ್ಕೂ ಬಹಳ ಮೊದಲೇ ಹೇಳುತ್ತ ಬಂದವರು ಮುಸ್ಲಿಮರಲ್ಲೇ ಇದ್ದರು. ರಿಯಾಯಿತಿ ಹೋದದ್ದಕ್ಕೆ ನಾವು ಮರುಗಬೇಕಾಗಿಲ್ಲ. ಆದರೆ ಅದರ ಜಾಗದಲ್ಲಿ ಬಡವನು ನಂಬಬಹುದಾದ ಉಳಿತಾಯದ ವ್ಯವಸ್ಥೆ ನಮ್ಮಲ್ಲಿ ತಾಬುಂಗ್ ಹಾಜಿಯ ಮಟ್ಟದಲ್ಲಿ ಬೆಳೆಯಲಿಲ್ಲವೆಂಬುದಕ್ಕೆ ಮರುಗಬೇಕು.

ಆ ಕೊರತೆಯ ಬೆಲೆ ಎಷ್ಟೆಂದು 2019ರ ಜೂನ್‌ನಲ್ಲಿ ಬೆಂಗಳೂರು ಕಂಡಿತು. ಬಡ್ಡಿಯಲ್ಲ, ಹಲಾಲ್ ಲಾಭ ಎಂಬ ಮಾತಿಗೆ ಒಲಿದು ಹತ್ತಾರು ಸಾವಿರ ಜನ ಹಣ ಹೂಡಿದ್ದ ಐಎಂಎ ಸಂಸ್ಥೆ ಕುಸಿದುಬಿತ್ತು. ಜೀವಮಾನದ ಉಳಿತಾಯ ಕಳೆದುಕೊಂಡವರಲ್ಲಿ ಬಹುಪಾಲು ಸಾಧಾರಣ ಮುಸ್ಲಿಂ ಕುಟುಂಬದವರು. ಮಲಯದ ಠೇವಣಿದಾರನಿಗೆ ಇದ್ದ ಖಾತರಿ ಇವರಿಗಿರಲಿಲ್ಲ. ಧಾರ್ಮಿಕ ಪದಗಳು ಲೆಕ್ಕಪತ್ರಕ್ಕೆ ಬದಲಿಯಾಗಲಾರವು.

ಸಂಸ್ಥೆಗಳ ಮಾತು ಹಾಗಿರಲಿ. ಮನೆಯ ಲೆಕ್ಕಕ್ಕೆ ಬರೋಣ. ಇಂದು ಹಜ್ಜ್ ಸಮಿತಿಯ ಮೂಲಕ ಹೋದರೂ ಒಬ್ಬರಿಗೆ ಮೂರು ಲಕ್ಷ ರೂಪಾಯಿಗೂ ಮಿಕ್ಕಿ ಬೇಕು. ಒಂದು ಮನೆಯಲ್ಲಿ ಅರುವತ್ತು ಸಾವಿರ ರೂಪಾಯಿ ಸಾಲವಿದೆ ಎಂದುಕೊಳ್ಳೋಣ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಯಜಮಾನರು ತಿಂಗಳಿಗೆ 2,200 ರೂಪಾಯಿ ಎತ್ತಿಡಬಲ್ಲರು. ಅವರು 1,200 ರೂಪಾಯಿ ಬಡ್ಡಿ ಕಟ್ಟಿ ಉಳಿದ ಸಾವಿರವನ್ನು ಹಜ್ಜ್ ಪೆಟ್ಟಿಗೆಗೆ ಹಾಕುತ್ತಾರೆ. ನಲವತ್ತು ತಿಂಗಳ ನಂತರ ಪೆಟ್ಟಿಗೆಯಲ್ಲಿ ನಲವತ್ತು ಸಾವಿರ ಇರುತ್ತದೆ. ಸಾಲ ಮಾತ್ರ ಅರುವತ್ತು ಸಾವಿರವಾಗಿಯೇ ನಿಂತಿರುತ್ತದೆ. ಅದೇ 2,200 ರೂಪಾಯಿಯನ್ನು ಪೂರ್ತಿ ಸಾಲಕ್ಕೇ ಕಟ್ಟಿದ್ದರೆ ಅದೇ ನಲವತ್ತು ತಿಂಗಳಲ್ಲಿ ಅಸಲು ಬಡ್ಡಿ ಎರಡೂ ತೀರುತ್ತಿದ್ದವು. ನಲವತ್ತೊಂದನೆಯ ತಿಂಗಳಿನಿಂದ ಇಡೀ 2,200 ರೂಪಾಯಿ ಯಾತ್ರೆಯ ಪಾಲಾಗುತ್ತಿತ್ತು.

ಹಾಗೆಂದು ಉಳಿಸುವ ಅಭ್ಯಾಸವನ್ನು ಪೂರ್ತಿ ಬಿಟ್ಟುಬಿಡುವುದೂ ಕೆಲವರಿಗೆ ಕಷ್ಟ. ಕಣ್ಣೆದುರು ಸಣ್ಣದೊಂದು ಗಂಟು ಬೆಳೆಯುತ್ತಿದ್ದರೆ ಮನಸ್ಸಿಗೆ ಬಲ. ಅಂಥವರು ತಿಂಗಳಿಗೆ 200 ರೂಪಾಯಿಯನ್ನಷ್ಟೇ ಯಾತ್ರೆಗೆಂದು ತೆಗೆದಿಟ್ಟು 2,000 ರೂಪಾಯಿಯನ್ನು ಸಾಲಕ್ಕೆ ಕಟ್ಟಲಿ. ಸಾಲ ತೀರಲು ನಲವತ್ತೇಳು ತಿಂಗಳು ಬೇಕಾದೀತು. ಏಳು ತಿಂಗಳು ತಡ, ಆದರೆ ಆ ಹೊತ್ತಿಗೆ 9,400 ರೂಪಾಯಿಯ ಗಂಟು ಜೊತೆಗಿರುತ್ತದೆ, ಉಳಿಸುವ ಕೈಯೂ ಪಳಗಿರುತ್ತದೆ. ಪಿಗ್ಮಿಯ ಎರಡಾಣೆಯ ಗುಟ್ಟು ಇದೇ.

ಬಡ್ಡಿ ಇಲ್ಲದ ಕೈಸಾಲವಾದರೆ ಈ ಲೆಕ್ಕ ಇಷ್ಟು ಬಿಗಿಯಾಗಿರುವುದಿಲ್ಲ. ಆದರೆ ಅಲ್ಲಿ ಬೇರೆ ಪ್ರಶ್ನೆ ಇದೆ. ಬಡ್ಡಿ ಕೇಳದೆ ಕೊಟ್ಟ ಅಣ್ಣನೋ ನೆರೆಯವನೋ ತನ್ನ ಕಷ್ಟವನ್ನು ಬಾಯಿ ಬಿಟ್ಟು ಹೇಳದಿರಬಹುದು. ನಾವು ಇಹ್ರಾಮ್ ಬಟ್ಟೆ ಕೊಳ್ಳುತ್ತಿರುವಾಗ ಅವನು ಮಗಳ ಶಾಲಾ ಫೀಸಿಗೆ ಬೇರೆಡೆ ಕೈಚಾಚುತ್ತಿರಬಹುದು. ಕೇಳದವನ ಸಾಲವನ್ನೇ ಮೊದಲು ನೆನೆಯಬೇಕು.

ಈ ಚರಿತ್ರೆಯಲ್ಲಿ ನಮಗೆ ಕಾಣುವುದು ಇಷ್ಟು. ಡಚ್ಚರು ಬಡವನನ್ನು ತಡೆದರು, ಬ್ರಿಟಿಷರು ಅವನಿಗೆ ಮರುಟಿಕೆಟು ಕೊಡಿಸಿದರು, ದಲ್ಲಾಳಿಗಳು ಅವನಿಗೆ ಸಾಲ ಕೊಟ್ಟು ದುಡಿಸಿಕೊಂಡರು, ಸರಕಾರಗಳು ರಿಯಾಯಿತಿ ಕೊಟ್ಟು ಹಿಂತೆಗೆದವು. ಬಡವನ ಹಂಬಲವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಉಳಿಸಿದ್ದು ಅವನದೇ ಸಣ್ಣ ಉಳಿತಾಯಕ್ಕೆ ಭದ್ರವಾದ ಜಾಗ ಒದಗಿಸಿದ ಪ್ರಯತ್ನ. ನಮ್ಮ ಜಮಾಅತ್‌ಗಳು, ಸಹಕಾರಿ ಸಂಘಗಳು ಕಾನೂನಿನ ಚೌಕಟ್ಟಿನೊಳಗೆ, ತಪಾಸಣೆಗೆ ತೆರೆದ ಲೆಕ್ಕದೊಂದಿಗೆ ಅಂಥ ಕೆಲಸಕ್ಕೆ ಮನಸ್ಸು ಮಾಡಬಹುದು. ಹಜ್ಜ್‌ಗೆ ಹೋಗುವವರಿಗೆ ಹಾರ ಹಾಕುವ ಉತ್ಸಾಹದಲ್ಲಿ ಸ್ವಲ್ಪವನ್ನು ಸಾಲದಲ್ಲಿ ಸಿಕ್ಕಿದವರನ್ನು ಬಿಡಿಸಲು ಝಕಾತ್ ಹಣದಿಂದ ಬಳಸಬಹುದು.

ಊರೆಲ್ಲ ತಿರುಗಿ ಬಾಕಿ ವಿಚಾರಿಸುತ್ತಿದ್ದ ಆ ಹಿರಿಯರಿಗೆ ಯಾವ ಅರ್ಥಶಾಸ್ತ್ರವೂ ತಿಳಿದಿರಲಿಲ್ಲ. ಆದರೆ ಮುಂಬಯಿಯ ಧಕ್ಕೆಯಲ್ಲಿ ಹಡಗಿನ ಏಣಿ ಹತ್ತುವಾಗ ಅವರ ಬೆನ್ನ ಹಿಂದೆ ಅಂಗಡಿಯವನ ಖಾತೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅಡ್ಡಗೆರೆ ಬಿದ್ದಿರುತ್ತಿತ್ತು. ಅವರ ಯಾತ್ರೆ ಶುರುವಾದದ್ದು ಆ ಗೆರೆಯಿಂದ.